ನಲವತ್ತೊಂದನೇ ಮೊಳೆ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಹನ್ನೊಂದು ವರ್ಷದಿಂದ ಕಮರಿಯ ಬಾಗಿಲಲ್ಲಿ ಒಂದು ಕಿಟಕಿಯ ಹಿಂದೆ ಕೂತಿದ್ದೇನೆ. ಒಳಗೆ ಹೋಗುವವರಿಗೆ ಬಿಲ್ಲೆ ಕೊಡುವುದು, ಹೊರಗೆ ಬಂದವರಿಂದ ಅದನ್ನು ವಾಪಸು ತೆಗೆದುಕೊಳ್ಳುವುದು ನನ್ನ ಕೆಲಸ. ಹಿತ್ತಾಳೆಯ ದುಂಡನೆ ಬಿಲ್ಲೆ, ನಡುವೆ ನಂಬರು, ಅಂಚಿನಲ್ಲಿ ಒಂದು ತೂತು. ಅಂಥವು ಅರವತ್ತು. ಕಿಟಕಿಯ ಪಕ್ಕದ ಹಲಗೆಯಲ್ಲಿ ಅರವತ್ತು ಮೊಳೆ. ಬಿಲ್ಲೆ ಮೊಳೆಯಲ್ಲಿ ನೇತಾಡುತ್ತಿದ್ದರೆ ಆ ಮನುಷ್ಯ ಹೊರಗಿದ್ದಾನೆ, ಮೊಳೆ ಖಾಲಿ ಇದ್ದರೆ ಒಳಗಿದ್ದಾನೆ. ಇಷ್ಟೇ ಲೆಕ್ಕ. ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಆದರೆ ದೊಡ್ಡ ದೊಡ್ಡ ಕೆಲಸದಲ್ಲಿರುವವರು, ಕನ್ನಡಕ ಹಾಕಿದವರು, ಕೈಗೆ ಎರಡೆರಡು ಕೋಲು ಹಿಡಿದು ಬರುವವರು ಅದನ್ನು ಜೇಬಿಗೆ ಹಾಕಿಕೊಂಡು ಸೀದಾ ಮನೆಗೆ ಹೋಗಿಬಿಡುತ್ತಿದ್ದರು.

ಅಂಥವರಿಗೆ ನಾನು ಬೈಯುತ್ತಿದ್ದ ಬೈಗುಳ ಸಣ್ಣದಲ್ಲ. ‘ಒಳಗೆ ಏಳು ಜಲಪಾತ, ಎಂಟನೆಯದು ಕಿಟಕಿಯಲ್ಲಿ’ ಎಂದು ಬಸ್ಸಿನ ಡ್ರೈವರು ಹೊಸಬರಿಗೆಲ್ಲ ಹೇಳಿ ನಗಿಸುತ್ತಿದ್ದ. ಈಗ ನಾನು ಬೈಯುವುದಿಲ್ಲ. ಬಿಲ್ಲೆ ಮರೆತು ಒಯ್ದವರು ಮುಖ ಸಣ್ಣ ಮಾಡಿಕೊಂಡು ಬಂದರೆ ಕುರ್ಚಿ ಹಾಕಿ ಟೀ ಕೊಡುತ್ತೇನೆ. ‘ಅಕ್ಕನಿಗೆ ಏನಾಯ್ತು?’ ಎಂದು ಡ್ರೈವರು ನನ್ನ ಗಂಡನನ್ನು ಗುಟ್ಟಾಗಿ ಕೇಳಿದನಂತೆ. ಆದದ್ದನ್ನು ಹೇಳುತ್ತೇನೆ.

ನಮ್ಮ ಕಮರಿಯ ದಾರಿ ತೆರೆದಿರುವುದು ವಸಂತದ ಎರಡು ತಿಂಗಳು ಮಾತ್ರ. ಚಳಿಗಾಲದಲ್ಲಿ ಬಂಡೆಯೆಲ್ಲ ಮಂಜುಗಡ್ಡೆ, ಬೇಸಿಗೆ ಬಂದರೆ ಜಲಪಾತಗಳು ಸೋರುವ ನಲ್ಲಿಯ ಹಾಗೆ. ನಡುವಿನ ಈ ಎರಡು ತಿಂಗಳು ಮೇಲಿನ ಬೆಟ್ಟದ ಹಿಮ ಕರಗಿ ನೀರು ಹುಚ್ಚೆದ್ದು ಇಳಿಯುತ್ತದೆ. ಬಂಡೆಯ ಸಂದಿನಲ್ಲಿ ಗುಬ್ಬಿಕಣ್ಣಿನಷ್ಟು ಸಣ್ಣ ಹಳದಿ ಹೂ, ಮೂರನೇ ಜಲಪಾತದ ಮುಂದೆ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಕಾಮನಬಿಲ್ಲು. ದಾರಿ ನನ್ನ ಕಿಟಕಿಯಿಂದ ಹೊರಟು, ಹೊಳೆಯ ಪಕ್ಕ ಮರದ ಅಟ್ಟಣೆಯ ಮೇಲೆ, ಕಬ್ಬಿಣದ ಏಣಿ ಹತ್ತಿ, ಏಳು ಜಲಪಾತ ದಾಟಿ ನೆತ್ತಿಗೆ ಹೋಗುತ್ತದೆ. ಅಲ್ಲಿಂದ ಕಾಡಿನ ರಸ್ತೆ ಸುತ್ತಿಕೊಂಡು ಮತ್ತೆ ನನ್ನ ಕಿಟಕಿಗೇ ಬಂದು ಮುಟ್ಟುತ್ತದೆ. ಒಟ್ಟು ನಾಲ್ಕು ತಾಸು.

ಆ ಅಟ್ಟಣೆ, ಏಣಿ, ಹಿಡಿದುಕೊಳ್ಳುವ ಚೈನು ಎಲ್ಲವನ್ನೂ ನೋಡಿಕೊಳ್ಳುವವರು ನನ್ನ ಗಂಡ. ಅವರಿಗಿಂತ ಮುಂಚೆ ಮೂವತ್ತು ವರ್ಷ ನೋಡಿಕೊಂಡವನು ನನ್ನ ಅಪ್ಪ. ಕಿಟಕಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ನಾವು ಮೂವರೂ ಇದ್ದೇವೆ. ಅಪ್ಪನಿಗೆ ಎಪ್ಪತ್ತನಾಲ್ಕು. ಕೆಲಸ ಬಿಟ್ಟು ಹನ್ನೆರಡು ವರ್ಷವಾದರೂ ಕಮರಿ ತನ್ನದೇ ಎಂಬ ಭಾವನೆ ಬಿಟ್ಟಿರಲಿಲ್ಲ. ಬಿಟ್ಟೀತಾದರೂ ಹೇಗೆ? ಬಿಲ್ಲೆಯ ಪದ್ಧತಿ ತಂದವನೇ ಅವನು. ಒಂದು ಸಲ ಒಬ್ಬ ಮುದುಕ ಒಳಗೇ ಉಳಿದುಹೋಗಿ ಬೆಳಗಿನ ತನಕ ಚಳಿಯಲ್ಲಿ ನಡುಗಿದ ಮೇಲೆ ಅಪ್ಪ ಪೇಟೆಗೆ ಹೋಗಿ ಹಿತ್ತಾಳೆ ತಗಡು ತಂದು, ತಾನೇ ಕತ್ತರಿಸಿ, ನಂಬರು ಒತ್ತಿ, ಹಿಂಬದಿಯಲ್ಲಿ ಕಿಟಕಿಯ ಫೋನ್ ನಂಬರನ್ನೂ ಒತ್ತಿದ.

“ಹಲಗೆ ತುಂಬಿದ್ರೆ ಬೀಗ ಹಾಕು. ಒಂದು ಮೊಳೆ ಖಾಲಿ ಇದ್ರೂ ಹೋಗಿ ಹುಡುಕು. ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಒಂದ್ಸಲ ಕೂಗಿ, ಇಪ್ಪತ್ತು ಎಣಿಸೋ ತನಕ ಉಸಿರು ಬಿಗಿಹಿಡಿದು ಕೇಳಿಸ್ಕೊಳ್ಳಿ.” ಇದನ್ನು ನನಗೆ ಎಷ್ಟು ಸಲ ಹೇಳಿದ್ದಾನೋ.

ಇನ್ನೊಂದು ಕಟ್ಟಳೆಯೂ ಅವನದೇ. ಕಮರಿಯ ಕೆಲಸದವರು ಬಿಲ್ಲೆ ತೆಗೆದುಕೊಳ್ಳುವುದಿಲ್ಲ. “ಅಡುಗೆಮನೆಗೆ ಹೋಗೋಕೆ ಯಾರಾದ್ರೂ ಟಿಕೆಟ್ ತಗೋತಾರೇನೇ?” ಎನ್ನುತ್ತಿದ್ದ. ಗಂಡನೂ ತೆಗೆದುಕೊಳ್ಳುತ್ತಿರಲಿಲ್ಲ, ನಾನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡರೆ ಮರ್ಯಾದೆ ಕಡಿಮೆ ಎಂಬಂತೆ ಇದ್ದೆವು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಆ ವಸಂತದ ಮೊದಲ ವಾರ ಮಾವ ಅಳಿಯನ ನಡುವೆ ಒಂದು ಜಟಾಪಟಿ ನಡೆದಿತ್ತು. ನಾಲ್ಕನೇ ಜಲಪಾತದ ಪಕ್ಕ ದೊಡ್ಡ ದಾರಿಯಿಂದ ಕವಲೊಡೆದು ಒಂದು ಹಳೇ ಏಣಿ ನೀರಿನ ಹಿಂಬದಿಯ ಪೊಟರೆಗೆ ಹೋಗುತ್ತದೆ. ಅಪ್ಪ ಪ್ರಾಯದಲ್ಲಿದ್ದಾಗ ತನ್ನ ಕೈಯಾರೆ ಹಾಕಿದ್ದು. ಗಂಡ ಅದಕ್ಕೆ ಅಡ್ಡ ಹಲಗೆ ಬಡಿದು ಮುಚ್ಚಿದರು. ಏಣಿಯನ್ನು ಬಿಚ್ಚಿ ತೆಗೆಯುವ ತನಕ ಭದ್ರಕ್ಕಿರಲಿ ಎಂದು ಪಕ್ಕದ ಬಂಡೆಗೆ ಹೊಸ ಚೈನನ್ನೂ ಬಿಗಿದರು.

“ಮಾವ, ಅದರ ಮೆಟ್ಟಿಲು ತುಕ್ಕು ಹಿಡಿದಿದೆ,” ಎಂದರು ಊಟದ ಹೊತ್ತಿನಲ್ಲಿ.

“ತುಕ್ಕು ಹಿಡಿದಿರೋದು ನಿಮ್ಮ ಕಣ್ಣಿಗೆ,” ಎಂದ ಅಪ್ಪ. “ನಾನು ಹಾಕಿದ ಏಣಿ ನೂರು ವರ್ಷ ಬಾಳುತ್ತೆ. ನಿಮ್ಮ ಚೈನು ಮುಂದಿನ ಚಳಿ ಕಾಣಲ್ಲ, ಬರೆದಿಟ್ಕೊಳ್ಳಿ.”

ಗಂಡ ಬರೆದಿಟ್ಟುಕೊಳ್ಳಲಿಲ್ಲ, ತಟ್ಟೆ ಎತ್ತಿಕೊಂಡು ಎದ್ದುಹೋದರು. ಮೂರು ದಿನ ಮನೆಯಲ್ಲಿ ಮಾತಿಲ್ಲ. ಏನಾದರೂ ಬೇಕಾದರೆ ಇಬ್ಬರೂ ನನ್ನ ಮೂಲಕವೇ ಕೇಳುತ್ತಿದ್ದರು. “ನಿಮ್ಮಪ್ಪನಿಗೆ ಉಪ್ಪು ಬೇಕಾ ಕೇಳು,” ಎಂದು ಇವರು, “ನಿನ್ನ ಗಂಡನಿಗೆ ಬಾಗಿಲು ಹಾಕೋಕೆ ಹೇಳು,” ಎಂದು ಅವನು. ನಾನು ನಡುವೆ ಸಿಕ್ಕಿ ಅರೆದುಹೋಗಿದ್ದೆ.

ನಾಲ್ಕನೇ ದಿನ ಭಾನುವಾರ. ಬೆಳಗ್ಗೆ ಅಪ್ಪ ಟೋಪಿ ಹಾಕಿಕೊಂಡು, “ಪೇಟೆಗೆ ಹೋಗಿ ಕೂದಲು ಕತ್ತರಿಸ್ಕೊಂಡು ಬರ್ತೀನಿ,” ಎಂದು ಹೊರಟ. ಕ್ಷೌರದಂಗಡಿಯವನು ಅವನ ಹಳೇ ಗೆಳೆಯ. ಅಲ್ಲಿಗೆ ಹೋದರೆ ಕೂದಲಿಗಿಂತ ಮಾತೇ ಹೆಚ್ಚು, ಕತ್ತಲಾಗುವ ಮೊದಲು ಬಂದವನಲ್ಲ. ನಾನು ತಲೆ ಎತ್ತಿಯೂ ನೋಡಲಿಲ್ಲ. ಕಿಟಕಿಯ ಮುಂದೆ ಜನ ಸಾಲುಗಟ್ಟಿದ್ದರು.

ಆ ಸಾಲಿನಲ್ಲಿ ನೀಲಿ ಮಳೆಯಂಗಿಯ ಒಬ್ಬ ಹೆಂಗಸು. ಒಬ್ಬಳೇ ಬಂದಿದ್ದಳು, ನನ್ನದೇ ವಯಸ್ಸು. ಮೇಲೆ ಶೌಚಾಲಯ ಇದೆಯಾ, ಮೆಟ್ಟಿಲು ಎಷ್ಟು, ಮಳೆ ಬರುತ್ತಾ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಕೊನೆಗೆ, “ನೀರು ತುಂಬಾ ತಣ್ಣಗಿರುತ್ತಾ?” ಎಂದಳು.

“ಬಿಸಿ ಇದ್ದಿದ್ರೆ ಬಚ್ಚಲುಮನೆ ಅಂತಿದ್ವಿ,” ಎಂದೆ. ಹಿಂದಿನವರು ನಕ್ಕರು. ಅವಳೂ ನಕ್ಕಳು, ಪಾಪ. ಅವಳ ಕೈಗೆ ನಲವತ್ತೊಂದನೇ ಬಿಲ್ಲೆ ಕೊಟ್ಟೆ.

ಸಂಜೆ ಐದಕ್ಕೆ ಹಲಗೆ ನೋಡಿದೆ. ಐವತ್ತೊಂಬತ್ತು ಬಿಲ್ಲೆ ಇದ್ದವು. ನಲವತ್ತೊಂದನೇ ಮೊಳೆ ಖಾಲಿ.

ನನಗೆ ಮೈಯೆಲ್ಲ ಉರಿಯಿತು. ಕಳೆದ ವಸಂತದಲ್ಲಿ ಹದಿನಾಲ್ಕು ಸಲ ಹೀಗಾಗಿತ್ತು. ಹದಿನಾಲ್ಕು ಸಲವೂ ನಾವಿಬ್ಬರು ಹಗ್ಗ, ಕಂಬಳಿ, ಫ್ಲಾಸ್ಕು ಹೊತ್ತುಕೊಂಡು ಕಮರಿಯೆಲ್ಲ ಜಾಲಾಡಿದ್ದೆವು. ಹದಿನಾಲ್ಕು ಸಲವೂ ಒಳಗೆ ನರಪಿಳ್ಳೆ ಇರಲಿಲ್ಲ. ಬಿಲ್ಲೆ ಯಾರದೋ ಮನೆಯಲ್ಲಿ, ಯಾರದೋ ಪ್ಯಾಂಟಿನಲ್ಲಿ ಸುಖವಾಗಿತ್ತು. ಐದೂವರೆಯವರೆಗೆ ಕಾದೆ. ಕಾಡಿನ ರಸ್ತೆಯಲ್ಲಿ ಯಾರೂ ಬರಲಿಲ್ಲ.

ಗಂಡ ಆಗಲೇ ಬೂಟಿನ ದಾರ ಕಟ್ಟುತ್ತಿದ್ದರು.

“ರೀ, ಬೇಡ ಬಿಡ್ರೀ,” ಎಂದೆ. “ಅವಳು ಆಗಲೇ ಮನೆಗೆ ಹೋಗಿ ಕಾಲು ಚಾಚಿ ಕೂತಿರ್ತಾಳೆ. ನನಗೆ ಬೆಳಗ್ಗೆಯಿಂದ ಸೊಂಟ ಬಿದ್ದುಹೋಗಿದೆ.”

“ಮೊಳೆ ಖಾಲಿ ಇದೆ,” ಎಂದರು.

“ಮೊಳೆ ಅಲ್ಲ, ಅವಳ ತಲೆ ಖಾಲಿ!”

“ನಿಮ್ಮಪ್ಪ ಏನು ಹೇಳಿದ್ದು? ಒಂದು ಮೊಳೆ ಖಾಲಿ ಇದ್ರೂ...”

“ನಿಮಗೂ ನಮ್ಮಪ್ಪನಿಗೂ ಮಾತೇ ಇಲ್ವಲ್ಲ, ಈಗ ಅವನ ಮಾತು ನಿಮಗ್ಯಾಕೆ?”

ಅವರು ಹಗ್ಗ ಹೆಗಲಿಗೆ ಹಾಕಿಕೊಂಡರು. ನಿಜ ಹೇಳುತ್ತೇನೆ, ಆ ಹೊತ್ತು ನನ್ನೊಬ್ಬಳ ಮಾತು ನಡೆದಿದ್ದರೆ ನಾನು ಬೀಗ ಹಾಕಿ ಮನೆಗೆ ಹೋಗಿರುತ್ತಿದ್ದೆ. ಗೊಣಗುತ್ತಲೇ ಕಂಬಳಿ, ಫ್ಲಾಸ್ಕು, ಟಾರ್ಚು ತೆಗೆದುಕೊಂಡು ಅವರ ಹಿಂದೆ ಹೊರಟೆ.

ಅವಳ ಹೆಸರು ನಮಗೆ ಗೊತ್ತಿಲ್ಲ. ಹಾಗಾಗಿ, “ನಲವತ್ತೊಂದೂ!” ಎಂದೇ ಕೂಗಿದೆವು. ಗಂಡ ಕೂಗುವುದು, ನಾನು ಮನಸ್ಸಿನಲ್ಲಿ ಇಪ್ಪತ್ತು ಎಣಿಸುವುದು, ಮುಂದೆ ಹೋಗುವುದು. ಮೊದಲನೇ ಜಲಪಾತ ಆಯಿತು. ಎರಡನೆಯದು ಆಯಿತು. ಮೂರನೆಯದರ ಹತ್ತಿರ ಅಟ್ಟಣೆಯ ಕೆಳಗೆಲ್ಲ ಬಗ್ಗಿ ನೋಡಿದೆವು. ಮೇಲೆ ಬಂಡೆಯ ತುದಿಯಲ್ಲಿ ಇನ್ನೂ ಬಿಸಿಲಿತ್ತು, ಕೆಳಗೆ ನಮ್ಮ ಸುತ್ತ ಆಗಲೇ ನೆರಳು ಕವಿದು ಚಳಿ ಏರುತ್ತಿತ್ತು. ನಡೆಯುತ್ತ ನಡೆಯುತ್ತ ನನ್ನ ಸಿಟ್ಟು ಇಳಿಯಿತು, ಭಯ ಹತ್ತಿತು. ಬಚ್ಚಲುಮನೆಯ ಮಾತಿಗೆ ನಕ್ಕ ಅವಳ ಮುಖ ಕಣ್ಣಮುಂದೆ ಬಂತು. ಈ ಸಲ ನಿಜವಾಗಿಯೂ ಒಳಗೇ ಇದ್ದರೆ? ಎಲ್ಲಾದರೂ ಜಾರಿ ಆ ನೀರಿಗೆ ಬಿದ್ದಿದ್ದರೆ?

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಅದರ ಮುಂದೆ ನಿಂತರೆ ಪಕ್ಕದವರ ಮಾತೂ ಕೇಳುವುದಿಲ್ಲ. ಗಂಡ ಎರಡೂ ಕೈ ಬಾಯಿಗೆ ಹಿಡಿದು, “ನಲವತ್ತೊಂದೂ!” ಎಂದು ಕೂಗಿದರು. ನಾನು ಎಣಿಸತೊಡಗಿದೆ. ಹದಿನಾರು, ಹದಿನೇಳು.

ಒಂದು ಸಿಳ್ಳೆ ಕೇಳಿತು. ತೀರ ಸಣ್ಣಗೆ, ನೀರಿನ ಸದ್ದಿನ ಅಡಿಯಿಂದ. ಎರಡು ಬೆರಳು ಬಾಯಿಗಿಟ್ಟು ಹೊಡೆಯುವ ಸಿಳ್ಳೆ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆಯುವುದು. ಸಣ್ಣವಳಿದ್ದಾಗ ನಾನು ಎಲ್ಲಿ ಆಡುತ್ತಿದ್ದರೂ ಆ ಸಿಳ್ಳೆ ಕೇಳಿದರೆ ಊಟಕ್ಕೆ ಓಡಿಬರುತ್ತಿದ್ದೆ.

ಗಂಡನ ತೋಳು ಜಗ್ಗಿದೆ. “ರೀ,” ಎಂದೆ, “ಅದು ಅಪ್ಪ.”

ಹಳೇ ಏಣಿಗೆ ಅಡ್ಡ ಬಡಿದಿದ್ದ ಹಲಗೆ ಒಂದು ಬದಿ ಕಿತ್ತುಬಂದಿತ್ತು. ಅದನ್ನು ದಾಟಿ ಟಾರ್ಚು ಬಿಟ್ಟೆವು. ನೀರಿನ ಪರದೆಯ ಹಿಂದೆ, ಪೊಟರೆಯ ಅಂಚಿನಲ್ಲಿ ಅಪ್ಪ ಬಿದ್ದಿದ್ದ. ಏಣಿಯ ಒಂದು ಮೆಟ್ಟಿಲು ಮುರಿದು ನೇತಾಡುತ್ತಿತ್ತು. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಒಂದು ತೋಳನ್ನು ಹೊಸ ಚೈನಿಗೆ ಸುತ್ತಿಕೊಂಡಿದ್ದ. ಅದನ್ನು ಬಿಟ್ಟಿದ್ದರೆ ಕೆಳಗಿನ ಗುಂಡಿಗೇ ಹೋಗುತ್ತಿದ್ದ. ಮೈಯೆಲ್ಲ ತೊಯ್ದು, ತುಟಿ ನೀಲಿಗಟ್ಟಿತ್ತು.

“ಯಾರೇ ಅದು ನಲವತ್ತೊಂದು?” ಎಂದ ನನ್ನನ್ನು ನೋಡಿ. “ಬಾಯಿ ಹರಿಯೋ ಹಾಗೆ ಕೂಗ್ತಿದ್ದೀರಿ.”

ಅಳು ಬರಬೇಕಿತ್ತು. ಬಂದದ್ದು ಬಾಯಿ. “ಕೂದಲು ಕತ್ತರಿಸ್ಕೊಂಡ್ಯಾ ಅಪ್ಪಾ?” ಎಂದೆ.

“ಅಂಗಡಿ ಮುಚ್ಚಿತ್ತು,” ಎಂದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಅವನು ಕ್ಷೌರಕ್ಕೆ ಹೋಗಲೇ ಇಲ್ಲ. ಅಳಿಯನ ಚೈನು ಎಷ್ಟು ಗಟ್ಟಿ, ತನ್ನ ಏಣಿ ಎಷ್ಟು ಗಟ್ಟಿ ಎಂದು ತಾನೇ ಕಣ್ಣಾರೆ ನೋಡಲು ಹಿಂದಿನ ಕಾಲುದಾರಿಯಿಂದ ಒಳಗೆ ನುಗ್ಗಿದ್ದ. ನನ್ನ ಕಿಟಕಿಯ ಮುಂದೆ ಹಾಯಲಿಲ್ಲ. ಬಿಲ್ಲೆಯಂತೂ ಇಲ್ಲವೇ ಇಲ್ಲ. ಮಧ್ಯಾಹ್ನ ಒಂದಕ್ಕೆ ಮೆಟ್ಟಿಲು ಮುರಿಯಿತು. ಆಮೇಲೆ ಸಂಜೆಯವರೆಗೂ ಮೂವತ್ತು ಹೆಜ್ಜೆ ಆಚೆ, ದೊಡ್ಡ ದಾರಿಯಲ್ಲಿ ಹಿಂಡು ಹಿಂಡು ಜನ ಹೋದರು. ಫೋಟೋ ತೆಗೆದರು, ಕೂಗಿದರು, ನಕ್ಕರು. ಅಪ್ಪ ತುಟಿ ಮರಗಟ್ಟುವವರೆಗೆ ಸಿಳ್ಳೆ ಹೊಡೆದ. ಯಾರಿಗೂ ಕೇಳಲಿಲ್ಲ. ತಪ್ಪು ಅವರದಲ್ಲ. ಆ ಜಾಗದಲ್ಲಿ ಕೂಗಿ ಇಪ್ಪತ್ತು ಎಣಿಸುವವರಿಗೆ ಮಾತ್ರ ಕೇಳುತ್ತದೆ.

ಗಂಡ ಕಿತ್ತ ಹಲಗೆಯಿಂದ ಎರಡು ಪಟ್ಟಿ ಸೀಳಿ ಕಾಲಿಗೆ ಕಟ್ಟಿದರು. ನಾನು ಟೀ ಕುಡಿಸಿದೆ, ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲೆ. ಒದ್ದೆ ಅಂಗಿ ಬಿಚ್ಚಿ, ನನ್ನ ಸ್ವೆಟರ್ ಹಾಕಿ, ಕಂಬಳಿ ಸುತ್ತಿದೆ. ಗಂಡ ಕೂತು, ಅವನನ್ನು ಬೆನ್ನಿಗೆ ಹಾಕಿಕೊಂಡು ಹಗ್ಗದಿಂದ ಬಿಗಿದು ಎದ್ದರು.

“ಅಳಿಯಂದ್ರೇ,” ಎಂದ ಅಪ್ಪ ಅವರ ಕಿವಿಯ ಹತ್ತಿರ. ನಾಲ್ಕು ದಿನದಲ್ಲಿ ಮೊದಲ ಮಾತು. “ನಿಮ್ಮ ಚೈನು ಗಟ್ಟಿ.”

“ನಿಮ್ಮ ಏಣಿನೂ ಗಟ್ಟಿನೇ ಮಾವ,” ಎಂದರು ನನ್ನ ಗಂಡ. “ನೀವು ಸ್ವಲ್ಪ ದಪ್ಪ ಆಗಿದ್ದೀರಿ.”

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಗಂಡ ಅಂದರೆ ಯಾರು ಎಂದು ನನಗೆ ಗೊತ್ತಾದದ್ದು ಆ ಒಂದು ಮಾತಿನಲ್ಲಿ.

ಅವರು ಏಣಿಗಳನ್ನು ಒಂದೊಂದೇ ಮೆಟ್ಟಿಲಾಗಿ ಇಳಿದರು. ನಾನು ಕೆಳಗೆ ನಿಂತು ಅವರ ಪಾದ ಹಿಡಿದು ಸರಿಯಾಗಿ ಇಡಿಸುತ್ತಿದ್ದೆ. ಮುಕ್ಕಾಲು ಗಂಟೆ ಹಿಡಿಯಿತು. ಕಿಟಕಿಯಿಂದ ಫೋನ್ ಮಾಡಿ ಆಂಬುಲೆನ್ಸ್ ಕರೆಸಿದೆವು. ಅದರೊಳಗೆ ಏರಿಸುವಾಗ ಅಪ್ಪ ನನ್ನ ಕೈ ಹಿಡಿದು ಹೇಳಿದ ಮಾತು ಒಂದೇ.

“ನಾನು ಸಿಕ್ಕಿದೆ ಅಂತ ಕೂತ್ಕೋಬೇಡಿ. ಆ ಹೆಂಗಸು ಇನ್ನೂ ಒಳಗಿದ್ದಾಳೆ.”

ಹೌದಲ್ಲ! ಅವಳನ್ನು ನಾನು ಮರೆತೇಬಿಟ್ಟಿದ್ದೆ. ಗಂಡ ಪೊಲೀಸರಿಗೆ ಫೋನ್ ಮಾಡಿ, ನಾಲ್ಕು ಜನರನ್ನು ಕಳಿಸಿ ಎಂದು ಕೇಳಿ ಅಲ್ಲೇ ಉಳಿದರು. ನಾನು ಅಪ್ಪನ ಜೊತೆ ಹೋದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸಣ್ಣ ಹುಡುಗಿ, ಆದರೆ ಚುರುಕು. ಮೊಣಕಾಲ ಕೆಳಗಿನ ಮೂಳೆ ಎರಡು ಕಡೆ ಮುರಿದಿದೆ, ಅದು ಕೂಡುತ್ತದೆ ಎಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

“ಮೂಳೆ ದೊಡ್ಡದಲ್ಲ ಅಮ್ಮಾ. ಮೈ ತುಂಬಾ ತಣ್ಣಗಾಗಿತ್ತು. ಇನ್ನೊಂದು ಗಂಟೆ ತಡ ಆಗಿದ್ರೆ ನಾನು ಏನೂ ಮಾಡೋಕೆ ಆಗ್ತಿರಲಿಲ್ಲ. ಅವರು ಅಲ್ಲಿದ್ದಾರೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಗೊತ್ತಿರಲಿಲ್ಲ,” ಎಂದೆ.

ಅಷ್ಟು ಹೇಳಿ ಹೊರಗಿನ ಬೆಂಚಿನ ಮೇಲೆ ಕೂತೆ. ಆಗ ತಲೆಯೊಳಗೆ ಎಲ್ಲ ಒಂದೊಂದಾಗಿ ಕೂಡಿಕೊಂಡಿತು. ನಲವತ್ತೊಂದನೇ ಬಿಲ್ಲೆಯೂ ಮೊಳೆಯಲ್ಲಿದ್ದಿದ್ದರೆ ಐದಕ್ಕೆ ಬೀಗ ಹಾಕುತ್ತಿದ್ದೆ. ಅಪ್ಪ ಎಲ್ಲಿ ಎಂದರೆ ಕ್ಷೌರದಂಗಡಿಯಲ್ಲಿ. ಏಳಕ್ಕೆ ಬೇಸರ, ಎಂಟಕ್ಕೆ ಸಿಟ್ಟು, ಒಂಬತ್ತಕ್ಕೆ ಪೇಟೆಗೆ ಫೋನು. ಪೇಟೆಯಲ್ಲೆಲ್ಲ ಹುಡುಕುತ್ತಿದ್ದೆ. ಕಮರಿಯ ಕಡೆ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ. ಹಲಗೆ ತುಂಬಿದೆ, ಒಳಗೆ ಯಾರೂ ಇಲ್ಲ ಎಂದು ದೇವರ ಮೇಲೆ ಆಣೆ ಇಟ್ಟು ಹೇಳುತ್ತಿದ್ದೆ. ಅಪ್ಪನ ಜೀವ ಉಳಿದದ್ದು ಯಾರೋ ಒಬ್ಬಳ ಮರೆವಿನಿಂದ, ಅಥವಾ ಯಾರೋ ಒಬ್ಬಳು ಆ ನೀರಿಗೆ ಬಿದ್ದದ್ದರಿಂದ. ಯಾವುದು ಎಂದು ಗೊತ್ತಿರಲಿಲ್ಲ. ಅವಳು ಮರೆತಿರಲಿ, ಮರೆತೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹನ್ನೊಂದು ವರ್ಷ ಮರೆವಿನವರಿಗೆ ಶಾಪ ಹಾಕಿದವಳು ನಾನು.

ಎಂಟು ಗಂಟೆಗೆ ಫೋನ್ ಬಂತು. ಗೊತ್ತಿಲ್ಲದ ನಂಬರು.

“ಅಕ್ಕಾ, ನಾನು... ಬೆಳಗ್ಗೆ ಬಂದಿದ್ನಲ್ಲ, ನೀಲಿ ಕೋಟು. ನಲವತ್ತೊಂದು.”

ನಾನು ಎದ್ದು ನಿಂತುಬಿಟ್ಟೆ.

“ಕೋಟು ಒದ್ದೆ ಆಗಿತ್ತು ಅಂತ ಮಷೀನಿಗೆ ಹಾಕ್ದೆ. ಒಳಗೆ ಏನೋ ಕಟಕಟ ಸದ್ದು. ನಿಲ್ಲಿಸಿ ನೋಡಿದ್ರೆ ನಿಮ್ಮ ಬಿಲ್ಲೆ. ಹಿಂದೆ ನಂಬರಿತ್ತು, ಕಿಟಕಿಗೆ ಮಾಡಿದೆ. ನಿಮ್ಮ ಯಜಮಾನರು ಎತ್ತಿದ್ರು. ಮೊದಲು ಪೊಲೀಸರಿಗೆ ಹೊರಡಬೇಡಿ ಅಂದ್ರು. ನನಗೆ ಜೀವ ಬಾಯಿಗೆ ಬಂತು. ನಿಮ್ಮ ನಂಬರ್ ಕೊಟ್ಟು, ನೀವೇ ಅವಳ ಹತ್ರ ಮಾತಾಡಿ ಅಂದ್ರು, ಬೇರೇನೂ ಹೇಳಲಿಲ್ಲ. ನನ್ನಿಂದ ಎಲ್ಲರಿಗೂ ತೊಂದರೆ ಆಯ್ತು. ಮೇಲೆ ಹೋದಾಗ ಆ ನೀರು ನೋಡಿ ಎಷ್ಟು ಸಂತೋಷ ಆಯ್ತು ಅಂದ್ರೆ, ಇಳಿದು ಬಂದವಳು ಸೀದಾ ಬಸ್ ಹತ್ತಿಬಿಟ್ಟೆ. ತಪ್ಪಾಯ್ತು ಅಕ್ಕಾ. ಬೈದುಬಿಡಿ. ಕೇಳಿಸ್ಕೋತೀನಿ.”

ಬಾಯಿ ತೆರೆದೆ. ಏನೂ ಬರಲಿಲ್ಲ. ನನಗೆ! ಕೊನೆಗೆ ಹೇಗೋ ಶುರು ಮಾಡಿದೆ. ಖಾಲಿ ಮೊಳೆ, ಸಿಳ್ಳೆ, ಮುರಿದ ಮೆಟ್ಟಿಲು, ಡಾಕ್ಟರಮ್ಮ ಹೇಳಿದ ಒಂದು ಗಂಟೆ, ಎಲ್ಲವನ್ನೂ ಹೇಳಿದೆ. ಹಿಂದುಮುಂದಾಗಿ ಹೇಳಿದೆ, ಹೇಳಿದ್ದನ್ನೇ ಹೇಳಿದೆ.

“ನೀವು ಬಿಲ್ಲೆ ಕೊಟ್ಟು ಹೋಗಿದ್ರೆ,” ಎಂದೆ, “ಇವತ್ತು ನನಗೆ ಅಪ್ಪ ಇರ್ತಿರಲಿಲ್ಲ ಕಣಮ್ಮಾ. ನಿಮಗೆ ಯಾವ ಬಾಯಲ್ಲಿ ಬೈಯಲಿ? ನಿಮ್ಮ ಉಪಕಾರ ಈ ಜನ್ಮದಲ್ಲಿ ತೀರಲ್ಲ.”

ಬೆಳಗ್ಗೆಯಿಂದ ನಾನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಪ್ಪನ ಕಾಲು ನೋಡಿದಾಗ ಇಲ್ಲ, ಏಣಿ ಇಳಿಸುವಾಗ ಇಲ್ಲ, ಡಾಕ್ಟರಮ್ಮನ ಮುಂದೆಯೂ ಇಲ್ಲ.

“ಅಕ್ಕಾ,” ಎಂದಳು ಅವಳು ಮೆಲ್ಲಗೆ. “ಅಪ್ಪ ಏನಾದ್ರೂ ಊಟ ಮಾಡಿದ್ರಾ?”

ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಹೋಗಿ ಬರುವವರೆಲ್ಲ ತಿರುಗಿ ನೋಡುತ್ತಿದ್ದರು. ‘ಮಾಡಿದ್ರು’ ಎಂದು ಒಂದು ಮಾತು ಹೇಳುವುದಕ್ಕೆ ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ, ಅಲ್ಲಿಯವರೆಗೂ ಅವಳು ಫೋನ್ ಇಡಲಿಲ್ಲ.